ಸರ್ಕಾರಕ್ಕೆ ಮೂರು ಅಂಗಗಳು ಏಕೆ?



ಬೆಂಗಳೂರಿಗೆ ಬಂದವರು ತಪ್ಪದೆ ನೋಡುವ ಜಾಗ ಒಂದಿದೆ. ಅದು ಡಾ. ಅಂಬೇಡ್ಕರ್ ವೀದಿ. ರಸ್ತೆಯ ಒಂದು ಬದಿಯಲ್ಲಿ ಕಲ್ಲಿನ ಕಟ್ಟಡವಾದ ವಿಧಾನಸೌಧ, ಎದುರು ಬದಿಯಲ್ಲಿ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟು. ನಿಮ್ಮಲ್ಲಿ ಅನೇಕರು ಶಾಲಾ ಪ್ರವಾಸದಲ್ಲಿ ಇಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಬಹುದು. ವಿಧಾನಸೌಧದಲ್ಲಿ ಶಾಸಕರು ಸೇರಿ ಕಾನೂನು ಮಾಡುತ್ತಾರೆ. ಅದೇ ಕಟ್ಟಡದಲ್ಲಿ ಮುಖ್ಯಮಂತ್ರಿಗಳು, ಮಂತ್ರಿಗಳು ಕುಳಿತು ಆಡಳಿತ ನಡೆಸುತ್ತಾರೆ. ನ್ಯಾಯಾಧೀಶರು ಮಾತ್ರ ರಸ್ತೆಯ ಆಚೆ ಬದಿಯಲ್ಲಿ ಕೂರುತ್ತಾರೆ. ಕಟ್ಟಡಗಳ ಮಟ್ಟಿಗೆ ಇದು ಆಕಸ್ಮಿಕ. ಆದರೆ ನಮ್ಮ ಸಂವಿಧಾನದ ಏರ್ಪಾಡನ್ನು ನೆನಪಿಡುವುದಕ್ಕೆ ಇದು ಅನುಕೂಲವಾದ ಚಿತ್ರ. ಕಾನೂನು ಮಾಡುವವರು ಮತ್ತು ಆಡಳಿತ ನಡೆಸುವವರು ಒಂದೇ ಸೂರಿನ ಕೆಳಗೆ. ತೀರ್ಪು ಕೊಡುವವರು ರಸ್ತೆಯಾಚೆ. ದೆಹಲಿಯ ರಾಷ್ಟ್ರ ಸರ್ಕಾರದಲ್ಲೂ ಇದೇ ವ್ಯವಸ್ಥೆ ಇದೆ.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಹೆಸರುಗಳು ನಿಮಗೆ ಪರಿಚಿತವೇ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿರುತ್ತೀರಿ. ಆದರೆ ಮೂರು ಏಕೆ? ಒಂದೇ ಇದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದದ್ದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಇಂದು ಆ ಪ್ರಶ್ನೆಯನ್ನೇ ವಿಚಾರ ಮಾಡೋಣ.

ಒಂದು ವಿದ್ಯಾರ್ಥಿನಿಲಯದ ಉದಾಹರಣೆ

ನೀವು ಒಂದು ವಿದ್ಯಾರ್ಥಿನಿಲಯದಲ್ಲಿ ಇದ್ದೀರಿ ಎಂದು ಭಾವಿಸಿಕೊಳ್ಳಿ. ರಾತ್ರಿ ಎಂಟು ಗಂಟೆಯ ನಂತರ ಬಂದವರಿಗೆ ಐವತ್ತು ರೂಪಾಯಿ ದಂಡ ಎಂದು ವ್ಯವಸ್ಥಾಪಕರು ಒಂದು ನಿಯಮ ಮಾಡುತ್ತಾರೆ. ದಂಡ ವಸೂಲು ಮಾಡುವವರೂ ಅವರೇ. ಒಂದು ದಿನ ಬಸ್ಸು ಕೆಟ್ಟು ನೀವು ತಡವಾಗಿ ಬರುತ್ತೀರಿ. ದಂಡ ಕೇಳುತ್ತಾರೆ. ಇದು ಅನ್ಯಾಯ ಎಂದು ನೀವು ದೂರು ಕೊಡಬೇಕು. ಯಾರಿಗೆ? ಅದೇ ವ್ಯವಸ್ಥಾಪಕರಿಗೆ! ಅವರು ಒಳ್ಳೆಯವರಾದರೆ ನಿಮ್ಮ ಪುಣ್ಯ. ಇಲ್ಲವಾದರೆ ನಿಮ್ಮ ಗ್ರಹಚಾರ. ಇಲ್ಲಿ ಕೊರತೆಯಿರುವುದು ವ್ಯಕ್ತಿಯ ಸ್ವಭಾವದಲ್ಲಿ ಅಲ್ಲ, ಏರ್ಪಾಡಿನಲ್ಲಿ. ನಿಯಮ ಮಾಡುವವರು, ಅದನ್ನು ಜಾರಿಗೆ ತರುವವರು, ತಕರಾರು ಬಂದಾಗ ತೀರ್ಮಾನ ಹೇಳುವವರು ಬೇರೆ ಬೇರೆಯಾಗಿದ್ದರೆ ವ್ಯವಸ್ಥಾಪಕರು ಎಂಥವರೇ ಆಗಿರಲಿ, ನಿಮಗೊಂದು ರಕ್ಷಣೆ ಇರುತ್ತದೆ.

ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿದ್ದು ಮೂಲತಃ ಇದನ್ನೇ. ಮೂರೂ ಅಧಿಕಾರಗಳು ಒಂದೇ ಕೈಗೆ ಸೇರಿದರೆ ಪ್ರಜೆಯ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂಬುದು ಅವನ ವಾದದ ತಿರುಳು. ಅಮೆರಿಕದ ಸಂವಿಧಾನವನ್ನು ರಚಿಸಿದವರ ಮೇಲೆ ಈ ವಿಚಾರ ಬಹಳ ಪ್ರಭಾವ ಬೀರಿತು. ಅಲ್ಲಿ ಅಧ್ಯಕ್ಷರಾಗಲಿ, ಅವರ ಸಂಪುಟದ ಕಾರ್ಯದರ್ಶಿಗಳಾಗಲಿ ಕಾಂಗ್ರೆಸ್ ಎಂಬ ಶಾಸನ ಸಭೆಯ ಸದಸ್ಯರಾಗಿರುವಂತಿಲ್ಲ.

ನಮ್ಮ ನಾಡಿನ ಇತಿಹಾಸದಲ್ಲೂ ಇದಕ್ಕೆ ಸಂಬಂಧಿಸಿದ ಒಂದು ಪಾಠವಿದೆ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ದಿವಾನರು ಆಡಳಿತದ ವರದಿ ಓದುತ್ತಿದ್ದರು. ಪ್ರತಿನಿಧಿಗಳು ತಮ್ಮ ಊರಿನ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಆದರೆ ಕಾನೂನು ಮಾಡುವ ಅಧಿಕಾರವಾಗಲಿ, ದಿವಾನರನ್ನು ಇಳಿಸುವ ಅಧಿಕಾರವಾಗಲಿ ಆ ಸಭೆಗೆ ಇರಲಿಲ್ಲ. ಅಹವಾಲು ಹೇಳಿಕೊಳ್ಳುವುದು ಬೇರೆ, ಲೆಕ್ಕ ಕೇಳುವುದು ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಶಾಸಕಾಂಗ: ಲೆಕ್ಕ ಕೇಳುವ ಸಭೆ

ನಮ್ಮ ರಾಷ್ಟ್ರದ ಶಾಸಕಾಂಗದ ಹೆಸರು ಸಂಸತ್ತು. ಲೋಕಸಭೆ, ರಾಜ್ಯಸಭೆಗಳ ಜೊತೆಗೆ ರಾಷ್ಟ್ರಪತಿಗಳೂ ಸಂಸತ್ತಿನ ಒಂದು ಭಾಗ ಎಂಬುದನ್ನು ಹಲವರು ಮರೆಯುತ್ತಾರೆ. ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕದ ಪಾಲು 28. ರಾಜ್ಯಸಭೆಯ 245 ಸ್ಥಾನಗಳಲ್ಲಿ ನಮ್ಮ ಪಾಲು 12. ಲೋಕಸಭೆಯ ಸದಸ್ಯರನ್ನು ನಾವು ನೇರವಾಗಿ ಆರಿಸುತ್ತೇವೆ. ರಾಜ್ಯಸಭೆಗೆ ನಮ್ಮ ವಿಧಾನಸಭಾ ಸದಸ್ಯರು ಆರಿಸಿ ಕಳಿಸುತ್ತಾರೆ. ಹನ್ನೆರಡು ಮಂದಿಯನ್ನು ರಾಷ್ಟ್ರಪತಿಗಳು ನಾಮಕರಣ ಮಾಡುತ್ತಾರೆ. ಲೋಕಸಭೆ ವಿಸರ್ಜನೆಯಾಗಬಹುದು, ರಾಜ್ಯಸಭೆ ಎಂದಿಗೂ ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದರ ಮೂರನೆಯ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ, ಅಷ್ಟೆ.

ಕಾನೂನಿನ ಕರಡಿಗೆ ಮಸೂದೆ ಎಂದು ಹೆಸರು. ಎರಡೂ ಸದನಗಳು ಒಪ್ಪಿ, ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಅದು ಅಧಿನಿಯಮವಾಗುತ್ತದೆ. ಸದನಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಜಂಟಿ ಅಧಿವೇಶನ ಕರೆಯಬಹುದು. ಸಾಮಾನ್ಯ ಮಸೂದೆಗಳಿಗಾಗಿ ಇದುವರೆಗೆ ಹೀಗೆ ಕರೆದದ್ದು ಮೂರೇ ಬಾರಿ. 1961ರಲ್ಲಿ ವರದಕ್ಷಿಣೆ ನಿಷೇಧ ಮಸೂದೆಗಾಗಿ ಕರೆದದ್ದು ಅವುಗಳಲ್ಲಿ ಮೊದಲನೆಯದು. ಹಣಕಾಸು ಮಸೂದೆಯ ವಿಷಯದಲ್ಲಿ ಮಾತ್ರ ಲೋಕಸಭೆಯ ಮಾತೇ ಅಂತಿಮ. ರಾಜ್ಯಸಭೆ ಅದನ್ನು ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಬೇಕು. ಅದು ಸೂಚಿಸಿದ ಬದಲಾವಣೆಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು.

ಕಾನೂನು ಮಾಡುವುದಷ್ಟೇ ಸಂಸತ್ತಿನ ಕೆಲಸ ಎಂದು ತಿಳಿಯಬೇಡಿ. ಅದರ ಕೈಯಲ್ಲಿ ಖಜಾನೆಯ ಬೀಗದ ಕೈ ಇದೆ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. ಸಂಸತ್ತು ಕಾನೂನಿನ ಮೂಲಕ ಒಪ್ಪಿಗೆ ಕೊಡದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಖರ್ಚಾದ ಹಣ ಸರಿಯಾಗಿ ಖರ್ಚಾಯಿತೇ ಎಂದು ಪರಿಶೀಲಿಸಿ ವರದಿ ಕೊಡಲು ಮಹಾಲೇಖಪಾಲರು ಇದ್ದಾರೆ. ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳಲು ಪ್ರಶ್ನೋತ್ತರ ವೇಳೆ ಇದೆ. ಪ್ರಜಾಪ್ರತಿನಿಧಿ ಸಭೆಗೆ ಇಲ್ಲದಿದ್ದ ಅಧಿಕಾರ ಎಂದು ಹೇಳಿದೆನಲ್ಲ, ಅದು ಇದೇ.

ಕಾರ್ಯಾಂಗ: ಉತ್ತರ ಹೇಳಬೇಕಾದ ಆಡಳಿತ

ಕಾನೂನು ಪುಸ್ತಕದಲ್ಲಿದ್ದರೆ ಊರಿಗೆ ನೀರು ಬರುವುದಿಲ್ಲ, ಶಾಲೆಗೆ ಮೇಷ್ಟ್ರು ಬರುವುದಿಲ್ಲ. ಅದನ್ನು ಕಾರ್ಯರೂಪಕ್ಕೆ ತರುವುದು ಕಾರ್ಯಾಂಗ. ಸಂವಿಧಾನದ ಪ್ರಕಾರ ಕೇಂದ್ರದ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಗಳಲ್ಲಿದೆ. ಆದರೆ ಅವರು ಪ್ರಧಾನಿ ಮತ್ತು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು. ಮಂತ್ರಿಗಳ ಕೆಳಗೆ ಕಾರ್ಯದರ್ಶಿಗಳಿಂದ ಹಿಡಿದು ಅಂಚೆ ಕಚೇರಿಯ ನೌಕರರವರೆಗೆ ದೊಡ್ಡದೊಂದು ಸಿಬ್ಬಂದಿ ಇದೆ. ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ಈ ನೌಕರರು ಮುಂದುವರಿಯುತ್ತಾರೆ. ಆದ್ದರಿಂದ ಅವರನ್ನು ಶಾಶ್ವತ ಕಾರ್ಯಾಂಗ ಎನ್ನುತ್ತಾರೆ.

ಈಗ ಮೊದಲಿನ ಚಿತ್ರಕ್ಕೆ ಬರೋಣ. ಕಾನೂನು ಮಾಡುವವರು ಮತ್ತು ಆಡಳಿತ ನಡೆಸುವವರು ಒಂದೇ ಸೂರಿನಡಿ ಏಕೆ? ಸಂವಿಧಾನ ಸಭೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. 1948ರ ಡಿಸೆಂಬರಿನಲ್ಲಿ ಪ್ರೊ. ಕೆ. ಟಿ. ಶಾ ಅವರು ಮೂರು ಅಂಗಗಳನ್ನೂ ಸಂಪೂರ್ಣವಾಗಿ ಬೇರ್ಪಡಿಸಬೇಕೆಂಬ ತಿದ್ದುಪಡಿ ತಂದರು. ಅದನ್ನು ವಿರೋಧಿಸಿ ಮಾತನಾಡಿದವರಲ್ಲಿ ಮೈಸೂರಿನ ಪ್ರತಿನಿಧಿ ಕೆಂಗಲ್ ಹನುಮಂತಯ್ಯನವರೂ ಒಬ್ಬರು. ಒಂದಕ್ಕೊಂದು ಜಗಳವಾಡುವ ಮೂರು ಅಂಗಗಳಿಗಿಂತ ಹೊಂದಿಕೊಂಡು ನಡೆಯುವ ಸರ್ಕಾರ ಮೇಲು ಎಂಬುದು ಅವರ ವಾದವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಮುಂದೆ ಮುಖ್ಯಮಂತ್ರಿಯಾಗಿ ವಿಧಾನಸೌಧವನ್ನು ಕಟ್ಟಿಸಿದವರೂ ಇದೇ ಹನುಮಂತಯ್ಯನವರು ಎಂಬುದು ನಿಮಗೆ ಗೊತ್ತು.

ಹಾಗಾದರೆ ಒಂದೇ ಸೂರಿನಡಿ ಇರುವ ಕಾರ್ಯಾಂಗಕ್ಕೆ ಹಿಡಿತ ಯಾವುದು? ಲೋಕಸಭೆಯ ವಿಶ್ವಾಸ. ಮಂತ್ರಿಮಂಡಲ ಸಾಮೂಹಿಕವಾಗಿ ಲೋಕಸಭೆಗೆ ಹೊಣೆಯಾಗಿರಬೇಕು. ವಿಶ್ವಾಸ ಹೋದ ದಿನ ಸರ್ಕಾರ ಹೋಯಿತು.

ಇದು ಕೇವಲ ಪುಸ್ತಕದ ಮಾತಲ್ಲ. 1996ರ ಜೂನ್ 1ರಂದು ನಮ್ಮ ರಾಜ್ಯದ ಎಚ್. ಡಿ. ದೇವೇಗೌಡರು ಪ್ರಧಾನಿಯಾದಾಗ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಮಂತ್ರಿಯಾದವರು ಆರು ತಿಂಗಳೊಳಗೆ ಸದಸ್ಯರಾಗಬೇಕೆಂಬುದು ನಿಯಮ. ಅದರಂತೆ ಅವರು ರಾಜ್ಯಸಭೆಗೆ ಆಯ್ಕೆಯಾದರು. ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡ ಮೇಲೆ 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿದರು. ಪರವಾಗಿ 158, ವಿರುದ್ಧವಾಗಿ 292 ಮತಗಳು ಬಂದವು. ಸರ್ಕಾರ ಬಿತ್ತು. ಎರಡು ವರ್ಷದ ಅನಂತರ, 1999ರ ಏಪ್ರಿಲ್ 17ರಂದು, ಅಟಲ್ ಬಿಹಾರಿ ವಾಜಪೇಯಿಯವರ ಸರ್ಕಾರಕ್ಕೆ ಬಂದದ್ದು 269 ಮತಗಳು. ವಿರುದ್ಧ ಬಂದದ್ದು 270. ಒಂದೇ ಒಂದು ಮತ! ಪ್ರಧಾನಿ ರಾಷ್ಟ್ರಪತಿ ಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟರು. ಸೈನ್ಯ ಬೀದಿಗೆ ಬರಲಿಲ್ಲ, ಯಾರೂ ಸೆರೆಮನೆಗೆ ಹೋಗಲಿಲ್ಲ. ಒಂದು ಮತದಿಂದ ಬಿದ್ದ ಸರ್ಕಾರ ತಾನು ಬಿದ್ದೆ ಎಂದು ಒಪ್ಪಿಕೊಂಡಿತು. ಲೋಕಸಭೆಯ ವಿಶ್ವಾಸ ಎಂಬ ಮಾತಿಗೆ ಎಷ್ಟು ಬೆಲೆ ಇದೆ ಎಂಬುದು ಇಂಥ ದಿನಗಳಲ್ಲಿ ಗೊತ್ತಾಗುತ್ತದೆ.

ನ್ಯಾಯಾಂಗ: ರಸ್ತೆಯಾಚೆಯ ಬಾಗಿಲು

ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ? ಅಧಿಕಾರಿ ಕಾನೂನನ್ನು ಮೀರಿದರೆ? ಆಗ ನಾಗರಿಕರು ಹೋಗಬೇಕಾದ ಬಾಗಿಲು ನ್ಯಾಯಾಲಯದ್ದು. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೆಯ ವಿಧಿಯ ಪ್ರಕಾರ ನೇರವಾಗಿ ಸುಪ್ರೀಂ ಕೋರ್ಟಿಗೆ, 226ನೆಯ ವಿಧಿಯ ಪ್ರಕಾರ ಹೈಕೋರ್ಟಿಗೆ ಹೋಗಬಹುದು. ಈ 32ನೆಯ ವಿಧಿಯನ್ನೇ ಡಾ. ಅಂಬೇಡ್ಕರ್ ಅವರು ಸಂವಿಧಾನದ ಹೃದಯ, ಆತ್ಮ ಎಂದು ಬಣ್ಣಿಸಿದರು. ಹಕ್ಕುಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅವನ್ನು ದೊರಕಿಸಿಕೊಡುವವರು ಇಲ್ಲದಿದ್ದರೆ ಪಟ್ಟಿಯಿಂದ ಏನು ಪ್ರಯೋಜನ?

ಸರ್ಕಾರದ ವಿರುದ್ಧವೇ ತೀರ್ಪು ಕೊಡಬೇಕಾದವರಿಗೆ ಸರ್ಕಾರದ ಭಯ ಇರಬಾರದು. ಅದಕ್ಕಾಗಿ ಸಂವಿಧಾನ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 65 ವರ್ಷದವರೆಗೆ, ಹೈಕೋರ್ಟಿನವರು 62 ವರ್ಷದವರೆಗೆ ಅಧಿಕಾರದಲ್ಲಿರುತ್ತಾರೆ. ನಡುವೆ ಅವರನ್ನು ತೆಗೆಯಬೇಕಾದರೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಆ ಸಂದರ್ಭದಲ್ಲಿ ಹೊರತು ನ್ಯಾಯಾಧೀಶರ ಕರ್ತವ್ಯದ ನಡವಳಿಕೆಯನ್ನು ಸಂಸತ್ತಿನಲ್ಲಿ ಚರ್ಚಿಸುವಂತಿಲ್ಲ. ಹಾಗೆಯೇ ಸದನದ ಕಲಾಪದಲ್ಲಿ ಕಾರ್ಯವಿಧಾನದ ಲೋಪವಾಯಿತೆಂಬ ಕಾರಣಕ್ಕೆ ನ್ಯಾಯಾಲಯ ಅದನ್ನು ಪ್ರಶ್ನಿಸುವಂತಿಲ್ಲ. ಎರಡು ಹೊಲಗಳ ನಡುವೆ ಬದು ಇದ್ದಂತೆ ಇದು. ಬದು ಇದ್ದರೆ ನೆರೆಹೊರೆ ನೆಮ್ಮದಿಯಿಂದ ಇರುತ್ತದೆ.

ಮೂರೂ ಸೇರಿ ಮಾಡಿದ ಒಂದು ಕೆಲಸ

ಈ ಮೂರು ಅಂಗಗಳು ಯಾವಾಗಲೂ ಒಂದನ್ನೊಂದು ತಡೆಯುತ್ತಲೇ ಇರುತ್ತವೆಯೇ? ಇಲ್ಲ. ನಿಮ್ಮ ಶಾಲೆಗೇ ಸಂಬಂಧಿಸಿದ ಒಂದು ನಿದರ್ಶನ ಕೊಡುತ್ತೇನೆ.

ಕರ್ನಾಟಕ ಸರ್ಕಾರ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕದ ಬಗ್ಗೆ ಒಂದು ಅಧಿಸೂಚನೆ ಹೊರಡಿಸಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಿಗೆ ಕರ್ನಾಟಕದವರಾದರೆ 25,000, ಹೊರರಾಜ್ಯದವರಾದರೆ 60,000 ರೂಪಾಯಿಯವರೆಗೆ. ಹೊರರಾಜ್ಯದ ಒಬ್ಬ ವಿದ್ಯಾರ್ಥಿನಿ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1992ರಲ್ಲಿ ಕೋರ್ಟು, ಶಿಕ್ಷಣವೂ ಒಂದು ಹಕ್ಕು ಎಂದಿತು. 1993ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಇನ್ನೂ ದೊಡ್ಡ ಪೀಠವೊಂದು ಆ ಮಾತನ್ನು ತಿದ್ದಿ, ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣ ಮೂಲಭೂತ ಹಕ್ಕು ಎಂದು ಸ್ಪಷ್ಟಪಡಿಸಿತು. ಇದು ನ್ಯಾಯಾಂಗದ ಕೆಲಸ.

ಆದರೆ ನ್ಯಾಯಾಲಯ ಶಾಲೆ ಕಟ್ಟಲಾರದು, ಹಣ ಒದಗಿಸಲಾರದು. 2002ರಲ್ಲಿ ಸಂಸತ್ತು ಸಂವಿಧಾನಕ್ಕೆ 86ನೆಯ ತಿದ್ದುಪಡಿ ಮಾಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣದ ಹಕ್ಕನ್ನು ಮೂಲಭೂತ ಹಕ್ಕುಗಳ ಅಧ್ಯಾಯಕ್ಕೇ ಸೇರಿಸಿತು. 2009ರಲ್ಲಿ ಅದಕ್ಕಾಗಿ ಅಧಿನಿಯಮ ಮಾಡಿತು. ಇದು ಶಾಸಕಾಂಗದ ಕೆಲಸ. 2010ರ ಏಪ್ರಿಲ್ 1ರಿಂದ ಅದನ್ನು ಜಾರಿಗೆ ತಂದು, ನಿಯಮ ರೂಪಿಸಿ, ಶಿಕ್ಷಕರನ್ನು ನೇಮಿಸಿ, ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆ ಕೇಂದ್ರ, ರಾಜ್ಯಗಳ ಕಾರ್ಯಾಂಗದ ಮೇಲೆ ಬಿತ್ತು. ಖಾಸಗಿ ಶಾಲೆಗಳು ನಾಲ್ಕನೆಯ ಒಂದು ಭಾಗ ಸೀಟುಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕೆಂಬ ಅಂಶದ ಬಗ್ಗೆ ತಕರಾರು ಬಂತು. ಮತ್ತೆ ಸುಪ್ರೀಂ ಕೋರ್ಟು ಕುಳಿತು, 2012ರಲ್ಲಿ ಕಾನೂನನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಇಪ್ಪತ್ತು ವರ್ಷಗಳ ಈ ಹಾದಿಯಲ್ಲಿ ಯಾವ ಅಂಗವೂ ಒಂಟಿಯಾಗಿ ಈ ಕೆಲಸ ಮುಗಿಸಲು ಸಾಧ್ಯವಿರಲಿಲ್ಲ.

ಬೆಂಗಳೂರಿನಲ್ಲಿ ನಡೆದ ಒಂದು ಬಂಧನ

ಇನ್ನು ಕಹಿಯಾದ ಒಂದು ಪ್ರಸಂಗ. ಅದೂ ಬೆಂಗಳೂರಿನಲ್ಲೇ ಆರಂಭವಾದದ್ದು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧು ಎಂದು ತೀರ್ಪು ಕೊಟ್ಟಿತು. ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ.

ಆ ದಿನಗಳಲ್ಲಿ ಪಕ್ಷಾಂತರ ತಡೆಯುವ ಮಸೂದೆಯೊಂದನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆ ಬೆಂಗಳೂರಿನಲ್ಲಿ ಏರ್ಪಾಡಾಗಿತ್ತು. ಆ ಸಂದರ್ಭದಲ್ಲಿ ಇಲ್ಲಿಗೆ ಬಂದಿದ್ದ ಸಂಸದರಾದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಅವರನ್ನು ಜೂನ್ 26ರಂದು ಬಂಧಿಸಿ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಇಂದು ಸ್ವಾತಂತ್ರ್ಯ ಉದ್ಯಾನವಾಗಿರುವ ಜಾಗವೇ ಆ ಸೆರೆಮನೆ. ಶಾಸಕಾಂಗದ ಕೆಲಸಕ್ಕೆ ಬಂದವರನ್ನು ಕಾರ್ಯಾಂಗ ಸೆರೆಗೆ ಹಾಕಿತು. ಅವರು ನ್ಯಾಯಾಂಗದ ಬಾಗಿಲು ತಟ್ಟಿದರು. ಒಂದೇ ಘಟನೆಯಲ್ಲಿ ಮೂರೂ ಅಂಗಗಳು ಎದುರುಬದುರಾದವು.

ಜೂನ್ 27ರಂದೇ ರಾಷ್ಟ್ರಪತಿಗಳ ಆದೇಶವೊಂದು ಹೊರಟಿತ್ತು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂಬುದು ಅದರ ಸಾರಾಂಶ. ಆದರೂ ಕರ್ನಾಟಕ ಹೈಕೋರ್ಟು ಸೇರಿದಂತೆ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ತಾವು ವಿಚಾರಣೆ ಮಾಡಬಹುದು ಎಂದು ಹೇಳಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಪೊಲೀಸರು ಒಬ್ಬನ ಜೀವವನ್ನೇ ಅಕ್ರಮವಾಗಿ ತೆಗೆದರೆ ಆಗಲೂ ಪರಿಹಾರವಿಲ್ಲವೇ ಎಂದು ಕೇಳಿದರು. ತಮ್ಮ ವಾದದ ಪ್ರಕಾರ ಇಲ್ಲ ಎಂದೇ ಸರ್ಕಾರದ ವಕೀಲರು ಉತ್ತರ ಕೊಡಬೇಕಾಯಿತು. 1976ರ ಏಪ್ರಿಲ್ 28ರಂದು ಐವರ ಪೀಠದಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಬರೆದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಜನವರಿಯಲ್ಲಿ, ಅವರು ಹಿರಿಯರಾಗಿದ್ದರೂ, ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ನಡೆದರು.

ಈ ಪ್ರಸಂಗದಿಂದ ನಾವು ಕಲಿಯುವುದೇನು? ಮೂರು ಅಂಗಗಳು ಇವೆ ಎಂದು ಬರೆದಿಟ್ಟ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಸಂಸತ್ತು ತಲೆಯಾಡಿಸುತ್ತಾ ಕುಳಿತರೆ, ನ್ಯಾಯಾಲಯ ಹಿಂಜರಿದರೆ, ಮೂರು ಅಂಗಗಳಿದ್ದೂ ಒಂದೇ ಇದ್ದಂತೆ. ವಿದ್ಯಾರ್ಥಿನಿಲಯದ ವ್ಯವಸ್ಥಾಪಕರನ್ನು ನೆನಪು ಮಾಡಿಕೊಳ್ಳಿ.

ತಪ್ಪನ್ನು ತಿದ್ದಿದ್ದು ಯಾರು?

ತಪ್ಪನ್ನು ತಿದ್ದಿದವರಲ್ಲಿ ಮೊದಲಿಗರು ಮತದಾರರು. 1977ರ ಮಾರ್ಚಿ ಚುನಾವಣೆಯಲ್ಲಿ ಸರ್ಕಾರ ಸೋತಿತು. ಹೊಸ ಸಂಸತ್ತು 1978ರಲ್ಲಿ 44ನೆಯ ತಿದ್ದುಪಡಿ ಮಾಡಿತು. ಸಂಪುಟದ ಲಿಖಿತ ತೀರ್ಮಾನವಿಲ್ಲದೆ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತುರ್ತು ಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ ಎಂದು ಬಿಗಿ ಮಾಡಿತು. ಇನ್ನು ನ್ಯಾಯಾಂಗ ತನ್ನ ತಪ್ಪನ್ನು ಒಪ್ಪಿಕೊಳ್ಳಲು ನಲವತ್ತೊಂದು ವರ್ಷ ಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, ಒಂಬತ್ತು ಮಂದಿಯ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಅದೇ ತೀರ್ಪಿನಲ್ಲಿ 1976ರ ತೀರ್ಪು ತಪ್ಪು ಎಂದು ಅದನ್ನು ತಳ್ಳಿಹಾಕಲಾಯಿತು. 1976ರಲ್ಲಿ ಬಹುಮತದ ಕಡೆ ಇದ್ದ ವೈ. ವಿ. ಚಂದ್ರಚೂಡ್ ಅವರ ಮಗ ಡಿ. ವೈ. ಚಂದ್ರಚೂಡ್ ಅವರು ಆ ಮಾತನ್ನು ಬರೆದ ನ್ಯಾಯಮೂರ್ತಿ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಸಂಸತ್ತು ಸಂವಿಧಾನವನ್ನೇ ತಿದ್ದಿ ಉಳಿದೆರಡು ಅಂಗಗಳನ್ನು ಮೂಲೆಗೆ ತಳ್ಳಿದರೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರ ಹೆಸರಿನ ಮೊಕದ್ದಮೆಯಲ್ಲಿ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿಗೆ ಧಕ್ಕೆಯಾದಾಗ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪು ಬಂತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಹಾಳುಮಾಡುವಂತಿಲ್ಲ ಎಂಬುದು ಅದರ ಸಾರ. ಮನೆಯ ಗೋಡೆಗೆ ಬಣ್ಣ ಬಳಿಯಬಹುದು, ಕಿಟಕಿ ಹೊಸದು ಇಡಬಹುದು, ಅಡಿಪಾಯ ಕೀಳಬಾರದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂಸತ್ತು 42ನೆಯ ತಿದ್ದುಪಡಿಯ ಮೂಲಕ ಈ ಮಿತಿಯನ್ನು ತೆಗೆದುಹಾಕಲು ನೋಡಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಲಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ರದ್ದುಮಾಡಿತು.

ಉಳಿದ ಸಂದೇಹಗಳು

ಹಾಗಾದರೆ ನ್ಯಾಯಾಂಗವೇ ದೊಡ್ಡದೇ ಎಂದು ನೀವು ಕೇಳಬಹುದು. ಸಂವಿಧಾನವೇ ದೊಡ್ಡದು. ಮೂರು ಅಂಗಗಳಲ್ಲೂ ಕೊರತೆಗಳಿವೆ, ಅವನ್ನು ಮುಚ್ಚಿಡಬೇಕಾಗಿಲ್ಲ.

1985ರ 52ನೆಯ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಬಂತು. ಸೂಟ್‌ಕೇಸ್ ರಾಜಕೀಯವನ್ನು ತಡೆಯುವುದು ಅದರ ಉದ್ದೇಶ. ಆದರೆ ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತ ಹಾಕಿದ ಸದಸ್ಯ ಸ್ಥಾನ ಕಳೆದುಕೊಳ್ಳಬಹುದಾದ್ದರಿಂದ, ಮನಸ್ಸಾಕ್ಷಿಯಂತೆ ಮಂತ್ರಿಗಳನ್ನು ಪ್ರಶ್ನಿಸುವ ಧೈರ್ಯ ಕುಗ್ಗಿತು ಎನ್ನುವವರೂ ಇದ್ದಾರೆ. ಸಂಸತ್ತು ಸೇರದಿರುವ ಕಾಲದಲ್ಲಿ ತುರ್ತು ಅಗತ್ಯಕ್ಕಾಗಿ ಕಾರ್ಯಾಂಗ ಸುಗ್ರೀವಾಜ್ಞೆ ಹೊರಡಿಸಬಹುದು. ಸಂಸತ್ತು ಮತ್ತೆ ಸೇರಿದ ಆರು ವಾರಗಳೊಳಗೆ ಒಪ್ಪಿಗೆ ಸಿಗದಿದ್ದರೆ ಅದು ಬಿದ್ದುಹೋಗುತ್ತದೆ. ತುರ್ತಿಗೆಂದು ಇಟ್ಟ ಈ ಬಾಗಿಲನ್ನು ದಿನನಿತ್ಯ ಬಳಸಿದರೆ ಸಂಸತ್ತಿನ ಚರ್ಚೆಗೆ ಅರ್ಥವಿರುವುದಿಲ್ಲ. ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ವರ್ಷಗಟ್ಟಲೆ ಉಳಿಯುತ್ತವೆ. ನ್ಯಾಯಾಧೀಶರನ್ನು ನ್ಯಾಯಾಧೀಶರೇ ಆರಿಸುವ ಪದ್ಧತಿಯ ಬಗ್ಗೆಯೂ ಆಕ್ಷೇಪಗಳಿವೆ. ಅದನ್ನು ಬದಲಿಸಲು ಸಂಸತ್ತು ತಂದ 99ನೆಯ ತಿದ್ದುಪಡಿಯನ್ನು 2015ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಯಾವುದು ಸರಿ ಎಂದು ನಾನು ಇಲ್ಲಿ ತೀರ್ಮಾನ ಹೇಳುವುದಿಲ್ಲ. ಎರಡೂ ಕಡೆಯ ವಾದಗಳನ್ನು ಓದಿ, ನಿಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಎತ್ತಿಕೊಳ್ಳಿ.

ಮಿತ್ರರೆ, ಮುಗಿಸುವ ಮುನ್ನ ಒಂದು ಮಾತು. ನಾಳೆ ಬೆಳಿಗ್ಗೆ ಪತ್ರಿಕೆ ತೆರೆದಾಗ ಮೊದಲ ಪುಟದ ಪ್ರತಿ ಸುದ್ದಿಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಅಂಗದ ಕೆಲಸ? ಇದನ್ನು ಪ್ರಶ್ನಿಸುವ ಅಧಿಕಾರ ಯಾವ ಅಂಗಕ್ಕೆ ಇದೆ? ಒಂದು ತಿಂಗಳು ಹೀಗೆ ಮಾಡಿ ನೋಡಿ. ಪಠ್ಯಪುಸ್ತಕದ ಪೌರನೀತಿ ನಿಮ್ಮ ಕಣ್ಣ ಮುಂದೆಯೇ ಓಡಾಡತೊಡಗುತ್ತದೆ. ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಹದಿನೆಂಟು ತುಂಬಿದೆ, ಉಳಿದವರಿಗೆ ಬೇಗ ತುಂಬಲಿದೆ. 1977ರಲ್ಲಿ ತಪ್ಪನ್ನು ಮೊದಲು ತಿದ್ದಿದವರು ಮತದಾರರು ಎಂದು ಹೇಳಿದೆನಲ್ಲ, ಆ ಪಟ್ಟಿಗೆ ಸೇರುವವರು ನೀವು. ಮೂರು ಅಂಗಗಳು ತಮ್ಮ ತಮ್ಮ ಕೆಲಸ ಮಾಡುತ್ತಿವೆಯೇ ಎಂದು ನೋಡುತ್ತಿರಬೇಕಾದ ಕಣ್ಣು ನಿಮ್ಮದು.

ಯೋಚಿಸಿ ಉತ್ತರಿಸಿ

1. ಪ್ರಜಾಪ್ರತಿನಿಧಿ ಸಭೆಗೂ ಇಂದಿನ ಲೋಕಸಭೆಗೂ ಇರುವ ಮುಖ್ಯ ವ್ಯತ್ಯಾಸವೇನು?

2. ಅಮೆರಿಕದ ಅಧ್ಯಕ್ಷರು ಒಂದು ಮತದಿಂದ ವಿಶ್ವಾಸ ಕಳೆದುಕೊಂಡು ರಾಜೀನಾಮೆ ಕೊಡುವ ಸಂದರ್ಭ ಬರಬಹುದೇ? ಏಕೆ?

3. ನಿಮ್ಮ ಶಾಲೆ ಅಥವಾ ಕಾಲೇಜಿನ ಯಾವುದಾದರೊಂದು ನಿಯಮವನ್ನು ತೆಗೆದುಕೊಳ್ಳಿ. ಅದನ್ನು ಮಾಡುವವರು, ಜಾರಿ ಮಾಡುವವರು, ತಕರಾರು ಕೇಳುವವರು ಯಾರು ಯಾರು? ಮೂವರೂ ಒಬ್ಬರೇ ಆಗಿದ್ದರೆ, ಅದನ್ನು ಹೇಗೆ ಬೇರ್ಪಡಿಸುವಿರಿ?